ಇಲ್ಲದ ಚಿತ್ರದ ಭಯ

ಕಂಪ್ಯೂಟರಿನ ನೆರವಿನಿಂದ ಒಬ್ಬರ ಮುಖವನ್ನು ಮತ್ತೊಬ್ಬರ ದೇಹಕ್ಕೆ ಹೊಂದಿಸಿ, ನಿಜವೆಂದೇ ತೋರುವ ಹುಸಿಚಿತ್ರವನ್ನು ರಚಿಸುವ ವಿದ್ಯೆಗೆ ಡೀಪ್‌ಫೇಕ್ ಎಂಬ ಹೆಸರು 2017ರಲ್ಲಿ ಬಳಕೆಗೆ ಬಂದಿತು. ಅಂಥ ಚಿತ್ರವನ್ನು ಮಾಡಿ ಊರಿಗೆಲ್ಲ ಹಂಚುವೆನೆಂದು ಯಾರಾದರೂ ಒಬ್ಬ ವಿದ್ಯಾರ್ಥಿನಿಯನ್ನು ಬೆದರಿಸಿದರೆ, “ಹುಸಿ ತಾನೆ, ಹೆದರುವುದೇಕೆ?” ಎಂದು ಸಮಾಧಾನ ಹೇಳುವವರುಂಟು. ಇದು ಮನಸ್ಸಿನ ಸ್ವಭಾವವನ್ನು ಅರಿಯದವರ ಮಾತೆಂದು ನಾವು ಭಾವಿಸುತ್ತೇವೆ.

ಭಯವು ನಿಜಾನಿಜಗಳನ್ನು ವಿಚಾರಿಸಿಕೊಂಡು ಹುಟ್ಟುವುದಿಲ್ಲ; ಕೇಡು ಬರಬಹುದೆಂಬ ನಿರೀಕ್ಷೆಯೇ ಅದಕ್ಕೆ ಸಾಕು. ಅಪಾಯದ ಸೂಚನೆ ದೊರೆತೊಡನೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ, ಎದೆಬಡಿತ ಏರುತ್ತದೆ. ಹುಲಿಯಿಂದ ಓಡಿ ಪಾರಾದವನ ದೇಹವು ಕೆಲಹೊತ್ತಿಗೆ ಶಾಂತವಾಗುವುದು. ಆದರೆ ಎಂದು ಬರುವುದೋ, ಬಾರದೆಯೇ ಹೋಗುವುದೋ ತಿಳಿಯದ ಕೇಡಿನಿಂದ ಓಡುವುದೆಲ್ಲಿಗೆ?

2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು 45 ಮಂದಿಯ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಕೈಗೆ ವಿದ್ಯುದಾಘಾತವು ತಗುಲಿಯೇ ತೀರುವುದೆಂದು ತಿಳಿದಿದ್ದಾಗಿಗಿಂತ, ಅದರ ಸಂಭವವು ನೂರಕ್ಕೆ 50ರಷ್ಟಿದ್ದಾಗಲೇ ಅವರ ಉದ್ವೇಗವು ಹೆಚ್ಚಾಗಿತ್ತು. ಮೈಯ ಬೆವರೂ ಕಣ್ಣಿನ ಪಾಪೆಯೂ ಅದಕ್ಕೆ ಸಾಕ್ಷಿಯಾದವು. ಬೆದರಿಸುವವನು ಹೂಡುವುದೂ ಈ ಅನಿಶ್ಚಯವನ್ನೇ. ಚಿತ್ರವು ಹುಟ್ಟುವ ಮೊದಲೇ ನಿದ್ರೆ ಕೆಡುತ್ತದೆ, ಓದಿನಲ್ಲಿ ಮನಸ್ಸು ನಿಲ್ಲದು, ಸಹಪಾಠಿಗಳ ನಗುವಿನಲ್ಲಿಯೂ ಸಂಶಯ ಮೂಡುತ್ತದೆ.

ಕೊಡಗಿನವರಾದ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬಳಸಿದ ಹುಸಿಚಿತ್ರವು 2023ರ ನವೆಂಬರಿನಲ್ಲಿ ಹರಡಿತು. ಇದು ತಾವು ಶಾಲೆಯಲ್ಲೋ ಕಾಲೇಜಿನಲ್ಲೋ ಇದ್ದಾಗ ಒದಗಿದ್ದರೆ ಹೇಗೆ ಎದುರಿಸುತ್ತಿದ್ದೆವೋ ಊಹಿಸಲಾರೆವೆಂದು ಅವರು ಆಗ ಬಹಿರಂಗವಾಗಿ ಹೇಳಿದರು. ಖ್ಯಾತಿಯೂ ಬೆಂಬಲವೂ ಉಳ್ಳವರ ಮಾತೇ ಹೀಗಿರುವಾಗ ಹದಿನಾರರ ಹುಡುಗಿಯ ಪಾಡೇನು?

ಆದುದರಿಂದ ಚಿತ್ರವು ಹೊರಬಿದ್ದ ಮೇಲೆ ಮಾತ್ರ ಅಪರಾಧವಾಯಿತೆಂದು ಎಣಿಸುವುದು ಸಲ್ಲದು. 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಆದ ಕಾಯಿದೆಯು ಇಂಥ ನಗ್ನ ಹುಸಿಚಿತ್ರಗಳ ಪ್ರಕಟಣೆಯನ್ನಲ್ಲದೆ, ಹಾಗೆ ಪ್ರಕಟಿಸುವೆನೆಂಬ ಬೆದರಿಕೆಯನ್ನೂ ಶಿಕ್ಷಾರ್ಹವೆಂದು ಸಾರಿತು. ಇದು ವಿವೇಕದ ಹೆಜ್ಜೆ.

ಆದರೆ ಕಾನೂನಿಗಿಂತ ಮೊದಲು ಬೇಕಾದುದು ಮನೆಯವರ ವಿಶ್ವಾಸ. ಬೆದರಿಕೆಯ ಬಲವೆಲ್ಲ ಬೆದರಿದವರ ಮೌನದಲ್ಲಿದೆ. “ಮನೆಯಲ್ಲಿ ತಿಳಿದರೆ ಓದು ಬಿಡಿಸುವರು” ಎಂಬ ಅಂಜಿಕೆಯೇ ಆ ಮೌನಕ್ಕೆ ಕಾವಲು. ಹಿರಿಯರು ಮೊದಲು ಈ ಅಂಜಿಕೆಯನ್ನು ನೀಗಬೇಕು. ಕಿರಿಯರು ಬಂದ ಸಂದೇಶವನ್ನು ಅಳಿಸದೆ ಉಳಿಸಿಕೊಂಡು, ಅಂದೇ ನಂಬಿಗಸ್ತ ಹಿರಿಯರೊಬ್ಬರಿಗೆ ತಿಳಿಸಬೇಕು. ಪೊಲೀಸರಿಗೆ ದೂರು ಕೊಡಲು ಹಿಂಜರಿಯಬಾರದು. ನಾಚಿಕೆಯು ಬೆದರಿಸಿದವನಿಗೆ ಸೇರಿದ್ದು, ಬೆದರಿಕೆಗೆ ಗುರಿಯಾದವರಿಗಲ್ಲ.