ನೆಲನೆಲ್ಲಿಯೂ ಪರೀಕ್ಷೆಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟಗಳಲ್ಲಿ ಕಳೆಯಾಗಿ ಬೆಳೆಯುವ ನೆಲನೆಲ್ಲಿಯನ್ನು ಕಾಮಾಲೆಗೆ ಅರೆದು ಕುಡಿಸುವುದುಂಟು. ರೋಗಿ ಚೇತರಿಸಿಕೊಂಡೊಡನೆ ಕೀರ್ತಿಯೆಲ್ಲ ಸೊಪ್ಪಿಗೆ ಸಲ್ಲುತ್ತದೆ. ಆದರೆ ಕಾಮಾಲೆಗಳಲ್ಲಿ ಹಲವು ತಾವಾಗಿಯೇ ಇಳಿಯುವಂಥವು. ಹಾಗಾದರೆ ಗುಣಪಡಿಸಿದುದು ಯಾವುದು?

ಹೋಲಿಕೆಯಿಲ್ಲದೆ ಉತ್ತರವಿಲ್ಲ. 1988ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ಹೆಪಟೈಟಿಸ್ ಬಿ ವೈರಸ್ ಹೊತ್ತವರಲ್ಲಿ ಕೆಲವರಿಗೆ ಈ ಗಿಡದ ಪುಡಿಯನ್ನೂ ಉಳಿದವರಿಗೆ ಹುಸಿಮದ್ದನ್ನೂ ಕೊಟ್ಟರು. ಪುಡಿ ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮರೆಯಾಯಿತು. ಹುಸಿಮದ್ದಿನ 23 ಮಂದಿಯಲ್ಲಿ ಒಬ್ಬರದು ಮಾತ್ರ. ಆದರೆ ಅನಂತರ ಬೇರೆಡೆ ನಡೆದ ಪರೀಕ್ಷೆಗಳಲ್ಲಿ ಈ ಫಲ ದೊರೆಯಲಿಲ್ಲ.

ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯನ್ನು ನಾವು ಮತ್ತೆ ಮತ್ತೆ ತೆಗೆಯುವುದಿಲ್ಲವೆ? ಅಜ್ಜಿಯ ಮಾತನ್ನು ಹಳಿಯುವುದೂ ಬೇಡ, ಪರೀಕ್ಷಿಸದೆ ನಂಬುವುದೂ ಬೇಡ. ಕಣ್ಣು ಹಳದಿಯಾದಾಗ ಮೊದಲು ರಕ್ತಪರೀಕ್ಷೆಯಾಗಲಿ.