ಹಲ್ಲಿನ ಲೆಕ್ಕ

ಮಕ್ಕಳನ್ನು ಬಾಕ್ಸಿಂಗ್ ತರಬೇತಿಗೆ ಸೇರಿಸುವಾಗ ನಾವು ಗ್ಲೌಸಿಗೆ ಧಾರಾಳವಾಗಿ ಖರ್ಚು ಮಾಡಿ, ಮೌತ್‌ಗಾರ್ಡ್‌ನಲ್ಲಿ ಉಳಿತಾಯ ಹುಡುಕುತ್ತೇವೆ. ಇದು ತಲೆಕೆಳಗಾದ ಲೆಕ್ಕ. ಗ್ಲೌಸು ಹರಿದರೆ ಇನ್ನೊಂದನ್ನು ಕೊಳ್ಳಬಹುದು. ಹಾಲುಹಲ್ಲು ಉದುರಿದ ಮೇಲೆ ಬಂದ ಹಲ್ಲು ಬಿದ್ದರೆ ಮತ್ತೆ ಹುಟ್ಟದು.

ದಂತವೈದ್ಯರು ಬಾಯಿಯ ಅಚ್ಚು ತೆಗೆದು ಮಾಡಿಕೊಡುವ ಮೌತ್‌ಗಾರ್ಡೇ ಉತ್ತಮ. ಅದು ಕೈಗೆಟುಕದಿದ್ದರೆ, ಬಿಸಿನೀರಿನಲ್ಲಿ ಮೆತ್ತಗಾಗಿಸಿ ಹಲ್ಲಿಗೆ ಕಚ್ಚಿ ಹೊಂದಿಸಿಕೊಳ್ಳುವಂಥದ್ದನ್ನು ಆರಿಸಬಹುದು. ಬಾಯಿ ತೆರೆದರೂ ಅದು ಕಳಚಿ ಬೀಳಬಾರದು, ಉಸಿರಿಗೆ ಅಡ್ಡಿಯಾಗಬಾರದು. ಅಭ್ಯಾಸ ಮುಗಿದೊಡನೆ ತಣ್ಣೀರಿನಲ್ಲಿ ತೊಳೆದು, ಒಣಗಿಸಿ, ಗಾಳಿಯಾಡುವ ಡಬ್ಬಿಯಲ್ಲಿಡಬೇಕು; ಬಿಸಿನೀರಿನಲ್ಲಿ ತೊಳೆದರೆ ಆಕಾರ ಕೆಡುತ್ತದೆ.

ಬೆಳೆಯುವ ಮಕ್ಕಳ ದವಡೆಗೆ ಕಳೆದ ವರ್ಷದ್ದು ಈ ವರ್ಷ ಹೊಂದದಿರಬಹುದು. ಅಣ್ಣನದನ್ನು ತಮ್ಮನಿಗೆ ದಾಟಿಸುವ ನಮ್ಮ ಮನೆಗಳ ಮಿತವ್ಯಯ ಅಂಗಿಗೆ ಒಪ್ಪುತ್ತದೆ, ಇದಕ್ಕಲ್ಲ.