ಶಾಲೆಯ ಗಣಕಯಂತ್ರ ಮತ್ತು ನಮ್ಮ ಹೊಣೆ

ವಿದ್ಯಾಸಂಸ್ಥೆಗೆ ಕಟ್ಟಡ, ಗ್ರಂಥಾಲಯ, ಪ್ರಯೋಗಶಾಲೆಗಳಂತೆಯೇ ಗಣಕಯಂತ್ರವೂ ಇಂದು ಅನಿವಾರ್ಯವಾಗಿದೆ. ರಾಯಚೂರು ನಗರದ ಶಾಲೆಯಿರಲಿ, ದೇವದುರ್ಗ, ಮಾನ್ವಿ ತಾಲೂಕುಗಳ ಹಳ್ಳಿಯ ಶಾಲೆಯಿರಲಿ, ಮಕ್ಕಳ ದಾಖಲಾತಿಯ ವಿವರಗಳು ‘ಸ್ಯಾಟ್ಸ್’ ತಂತ್ರಾಂಶವನ್ನೂ ವಿದ್ಯಾರ್ಥಿವೇತನದ ಅರ್ಜಿಗಳು ರಾಜ್ಯ ವಿದ್ಯಾರ್ಥಿವೇತನ ಜಾಲತಾಣವನ್ನೂ ಸೇರಲೇಬೇಕು. ಆಧಾರ್ ಸಂಖ್ಯೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ವಿವರ, ಪಾಲಕರ ಮೊಬೈಲ್ ಸಂಖ್ಯೆ ಇವೆಲ್ಲ ಬ್ರೌಸರಿನ ಮೂಲಕವೇ ಹಾದುಹೋಗುತ್ತವೆ. ಮನೆಯಲ್ಲಿ ಗಣಕಯಂತ್ರವಿಲ್ಲದ ಪಾಲಕರು ಶಾಲೆಯನ್ನು ನಂಬಿ ಈ ವಿವರಗಳನ್ನು ಒಪ್ಪಿಸುತ್ತಾರೆ. ಆ ನಂಬಿಕೆಗೆ ನಾವು ಅರ್ಹರಾಗಿದ್ದೇವೆಯೇ ಎಂಬುದು ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ.

ಬ್ರೌಸರ್ ಎಂಬುದು ಅಂತರಜಾಲದ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶ. ಅದಕ್ಕೆ ಸ್ವತಃ ಬಾರದ ಕೆಲಸವನ್ನು ಮಾಡಿಸಲು ಹೊರಗಿನಿಂದ ಜೋಡಿಸುವ ಅಂಗಕ್ಕೆ ಪ್ಲಗಿನ್ ಎಂದು ಹೆಸರು. ಚಲಿಸುವ ಚಿತ್ರಪಾಠಗಳಿಗೆ ಫ್ಲ್ಯಾಶ್, ವಿಜ್ಞಾನದ ಪ್ರಾತ್ಯಕ್ಷಿಕೆಗಳಿಗೆ ಜಾವಾ ಬಹುಕಾಲ ಬಳಕೆಯಲ್ಲಿದ್ದವು. ಇವುಗಳಲ್ಲಿನ ದೋಷಗಳಿಂದಾಗಿ ಒಂದು ಪುಟವನ್ನು ತೆರೆದ ಮಾತ್ರಕ್ಕೇ ದುಷ್ಟ ತಂತ್ರಾಂಶವು ಯಂತ್ರದೊಳಗೆ ನುಸುಳಲು ಆಸ್ಪದವಿತ್ತು. 2012ರಲ್ಲಿ ಜಾವಾದ ಇಂಥ ದೋಷದ ಮೂಲಕ 6 ಲಕ್ಷದಷ್ಟು ಆಪಲ್ ಗಣಕಯಂತ್ರಗಳು ‘ಫ್ಲ್ಯಾಶ್‌ಬ್ಯಾಕ್’ ಎಂಬ ಪಿಡುಗಿಗೆ ತುತ್ತಾದವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಸಂಸ್ಥೆಯು ಫ್ಲ್ಯಾಶ್‌ಗೆ ನೀಡುತ್ತಿದ್ದ ಬೆಂಬಲವನ್ನೇ ಕೊನೆಗೊಳಿಸಿತು. ಹಳೆಯ ಪಾಠವೊಂದು ಓಡಲಿಲ್ಲವೆಂದು ಈಗ ಎಲ್ಲಿಂದಲೋ ಫ್ಲ್ಯಾಶ್ ತಂದು ಜೋಡಿಸುವುದು ಅಪಾಯವನ್ನು ಮನೆಗೆ ಕರೆದಂತೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’ ವಿಜ್ಞಾನ ಪ್ರಾತ್ಯಕ್ಷಿಕೆಗಳು ಇಂದು ಯಾವ ಪ್ಲಗಿನ್ ಇಲ್ಲದೆಯೇ ಓಡುತ್ತವೆ. ಅವುಗಳಲ್ಲಿ ಹಲವು ಕನ್ನಡದಲ್ಲಿಯೂ ಇವೆ.

ಪ್ಲಗಿನ್‌ಗಳ ಕಾಲ ಮುಗಿದರೂ ಚಿಂತೆ ಮುಗಿಯಲಿಲ್ಲ. ಅವುಗಳ ಸ್ಥಾನದಲ್ಲಿ ಎಕ್ಸ್‌ಟೆನ್ಷನ್‌ಗಳು ಬಂದಿವೆ. ಕನ್ನಡದಲ್ಲಿ ಬೆರಳಚ್ಚಿಸಲು ಒಂದು, ಕಡತದ ರೂಪ ಬದಲಿಸಲು ಇನ್ನೊಂದು, ಜಾಹೀರಾತು ತಡೆಯಲು ಮತ್ತೊಂದು ಎಂದು ಇವು ಸೇರುತ್ತ ಹೋಗುತ್ತವೆ. ಎಲ್ಲ ಜಾಲತಾಣಗಳಲ್ಲಿನ ಮಾಹಿತಿಯನ್ನು ಓದುವ ಮತ್ತು ಬದಲಿಸುವ ಅನುಮತಿಯನ್ನು ಅನೇಕವು ಕೇಳುತ್ತವೆ. ಓದದೆಯೇ ನಾವು ಒಪ್ಪಿಗೆ ಕೊಡುತ್ತೇವೆ. ಇಂದು ಸಜ್ಜನವಾಗಿರುವುದು ನಾಳೆಯೂ ಹಾಗೆಯೇ ಇರುವುದೆಂಬ ಭರವಸೆಯಿಲ್ಲ. ಲಕ್ಷಾಂತರ ಜನರು ಬಳಸುತ್ತಿದ್ದ ‘ಗ್ರೇಟ್ ಸಸ್ಪೆಂಡರ್’ 2020ರಲ್ಲಿ ಬೇರೆಯವರ ಕೈಸೇರಿತು. 2021ರ ಫೆಬ್ರವರಿಯಲ್ಲಿ ಅದರೊಳಗೆ ದುಷ್ಟ ಸಂಕೇತಗಳಿವೆಯೆಂದು ಗೂಗಲ್ ಅದನ್ನು ತೆಗೆದುಹಾಕಿತು. 2024ರ ಡಿಸೆಂಬರಿನಲ್ಲಿ ಭದ್ರತೆಯನ್ನೇ ವೃತ್ತಿಯಾಗಿಸಿಕೊಂಡ ‘ಸೈಬರ್‌ಹೆವೆನ್’ ಸಂಸ್ಥೆಯ ನೌಕರರೊಬ್ಬರು ಮೋಸದ ಪತ್ರಕ್ಕೆ ಮರುಳಾದ್ದರಿಂದ ಅದರ ಎಕ್ಸ್‌ಟೆನ್ಷನ್ನಿನ ಕಲುಷಿತ ಆವೃತ್ತಿಯೇ ಬಳಕೆದಾರರನ್ನು ತಲುಪಿತು.

ಹಾಗೆಂದು ಗಣಕಯಂತ್ರವನ್ನೇ ದೂರವಿಡಬೇಕೆಂಬ ವಾದ ಸರಿಯಲ್ಲ. ರಕ್ಷಣೆಯ ಕ್ರಮಗಳು ಸರಳವಾಗಿವೆ. ಅರ್ಜಿ ತುಂಬುವ ಯಂತ್ರದಲ್ಲಿ ಒಂದೂ ಎಕ್ಸ್‌ಟೆನ್ಷನ್ ಇರಕೂಡದು. ಇರಲೇಬೇಕಾದರೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ವಹಿಯಲ್ಲಿ ಬರೆದಿಡಬೇಕು. ಕನ್ನಡದ ಕೀಲಿಮಣೆ ವಿಂಡೋಸಿನಲ್ಲಿಯೇ ಇರುವುದರಿಂದ ಅದಕ್ಕೆಂದು ಹೊರಗಿನ ಅಂಗ ಬೇಕಿಲ್ಲ. ಬ್ರೌಸರ್ ಹೊಸ ಆವೃತ್ತಿಯನ್ನು ತಾನಾಗಿಯೇ ಪಡೆಯುವಂತಿರಬೇಕು. ಶಾಲೆಯ ಯಂತ್ರದಲ್ಲಿ ಯಾರೂ ಸ್ವಂತ ಖಾತೆಯಿಂದ ಬ್ರೌಸರ್ ಪ್ರವೇಶಿಸಬಾರದು, ಗುಪ್ತಪದವನ್ನು ಅದರಲ್ಲಿ ಉಳಿಸಬಾರದು. ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕೆಂಬುದನ್ನು ಮಕ್ಕಳಿಗೂ ಪಾಲಕರಿಗೂ ತಿಳಿಸಬೇಕು.

ಪಾಠ, ಪರೀಕ್ಷೆ, ಗಣತಿಗಳ ಭಾರ ಹೊತ್ತ ಶಿಕ್ಷಕರ ಮೇಲೆ ಇದನ್ನೂ ಹೇರುವುದೇ ಎಂದು ಕೆಲವರು ಕೇಳಬಹುದು. ಆಕ್ಷೇಪ ನ್ಯಾಯವಾದುದೇ. ಆದುದರಿಂದಲೇ ದಾನಿಗಳಲ್ಲಿ ಒಂದು ವಿಜ್ಞಾಪನೆ. ಗಣಕಯಂತ್ರವನ್ನು ಕೊಡಿಸುವ ಉದಾರಿಗಳು ನಮ್ಮಲ್ಲಿದ್ದಾರೆ; ಅದರ ಪಾಲನೆಗೆ ವರ್ಷವರ್ಷವೂ ಸ್ವಲ್ಪ ಹಣವನ್ನು ಮೀಸಲಿಡುವವರು ವಿರಳ. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಹಳೆಯ ಯಂತ್ರಗಳನ್ನು ಹಾಗೆಯೇ ಬಿಟ್ಟರೆ ನಿನ್ನೆಯ ದಾನವೇ ಇಂದಿನ ಅಪಾಯವಾದೀತು. ಕೆರೆ ಕಟ್ಟಿಸಿದವರು ಹೂಳೆತ್ತುವ ವ್ಯವಸ್ಥೆಯನ್ನೂ ಮಾಡಬೇಕಲ್ಲವೇ? ಬೆಂಗಳೂರು, ಹೈದರಾಬಾದುಗಳಲ್ಲಿ ಗಣಕ ವೃತ್ತಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಒಂದು ದಿನವನ್ನು ತಾವು ಕಲಿತ ಶಾಲೆಯ ಯಂತ್ರಗಳ ಪರೀಕ್ಷೆಗೆ ಕೊಟ್ಟರೆ, ಅದು ಯಾವ ಧನದಾನಕ್ಕೂ ಕಡಿಮೆಯಾಗದು. ಬರುವ ಶೈಕ್ಷಣಿಕ ವರ್ಷದಿಂದಲೇ ಈ ಕಾರ್ಯ ಆರಂಭವಾಗಲಿ.